ಗುಬ್ಬಿಹಕ್ಲಿನ ನೆಟ್ ಸರದಿ

ಗುಬ್ಬಿಹಕ್ಲಿನಲ್ಲಿ ಮೋಡೆಮ್ಮನ್ನು ಯಾರೂ ಡಬ್ಬಿ ಎಂದು ಕರೆಯಕೂಡದು ಎಂಬುದು ರೇಣುಕಪ್ರಸಾದನ ಅಪ್ಪಣೆಯಾಗಿತ್ತು. ಅಪ್ಪಣೆ ಕೊಡುವ ಅಧಿಕಾರ ಅವನಿಗೆ ಎಲ್ಲಿಂದ ಬಂತು ಎಂದರೆ, ಊರಿಗೆಲ್ಲ ಮೊದಲು ಆ ಡಬ್ಬಿ ಬಂದದ್ದು ಅವನ ಮನೆಗೆ. ಇದಕ್ಕಿಂತ ಕಡಿಮೆ ಕಾರಣಕ್ಕೆ ಅಧಿಕಾರ ನಡೆಸಿದವರನ್ನು ನಾವು ನೋಡಿಲ್ಲವೇ?

ಊರು ಎಂದರೆ ದೊಡ್ಡದೇನಲ್ಲ. ಕೊಟ್ಟಿಗೆಹಾರದಲ್ಲಿ ಬಸ್ಸಿಳಿದು ಜೀಪಿನ ದಾರಿಯಲ್ಲಿ ಒಳಗೆ ಹೋದರೆ ಸಿಗುವ ಏಳೆಂಟು ಮನೆ, ಮನೆಗೊಂದು ಸಣ್ಣ ತೋಟ, ತೋಟದಲ್ಲಿ ರೊಬಸ್ಟಾ ಕಾಫಿ, ಸಿಲ್ವರ್ ಓಕ್ ಮರಗಳಿಗೆ ಹಬ್ಬಿಸಿದ ಮೆಣಸು. ಫೋನಿನಲ್ಲಿ ಮಾತಾಡಬೇಕಾದರೆ ಪಾಪಮ್ಮನವರ ಕೊಟ್ಟಿಗೆಯ ಹಿಂದಿನ ದಿಬ್ಬ ಹತ್ತಬೇಕಿತ್ತು. ಅಲ್ಲಿ ನಿಂತು ಆಡಿದ ಮಾತು ಫೋನಿನ ಆಚೆಯವರಿಗೆ ಕೇಳಿಸದಿದ್ದರೂ ಪಾಪಮ್ಮನವರಿಗೆ ಚೆನ್ನಾಗಿ ಕೇಳಿಸುತ್ತಿತ್ತು. ಹೀಗಾಗಿ ಕಳೆದ ಮಳೆಗಾಲ ಮುಗಿಯುತ್ತಲೇ ಕೊಟ್ಟಿಗೆಹಾರದ ಕೇಬಲ್ ಮುಜಮ್ಮಿಲ್ ಫೈಬರ್ ತಂತಿ ಎಳೆದುಕೊಂಡು ಬಂದಾಗ ಇಡೀ ಊರು ಸಂಭ್ರಮಪಟ್ಟಿತು, ಪಾಪಮ್ಮನವರೊಬ್ಬರನ್ನು ಬಿಟ್ಟು.

ತಂತಿ ಬಂದು ನಿಂತದ್ದು ಪ್ರಸಾದನ ತೋಟದ ಬೇಲಿ ಬದಿಯ ಒಂದು ಸಿಲ್ವರ್ ಮರದಲ್ಲಿ. ಮುಜಮ್ಮಿಲ್ ಅಲ್ಲೊಂದು ಸಣ್ಣ ಪೆಟ್ಟಿಗೆ ಹೊಡೆದು, ಅದರಿಂದ ಮನೆಮನೆಗೆ ಒಂದೊಂದು ಕವಲು ಎಳೆದ. ಕೆಲಸ ಮುಗಿದ ಮೇಲೆ ಪ್ರಸಾದ ಅವನನ್ನು ಕೂರಿಸಿ, ಕಾಫಿ ಕೊಟ್ಟು, ಕಂಡದ್ದಕ್ಕೆಲ್ಲ ಹೆಸರು ಕೇಳತೊಡಗಿದ. ಬಣಕಲ್ಲಿನಲ್ಲಿ ಇನ್ನೊಂದು ಮನೆಯವರು ಕಾಯುತ್ತಿದ್ದುದರಿಂದ ಮುಜಮ್ಮಿಲ್ ಒಂದೇ ಉಸಿರಿನಲ್ಲಿ ಎಲ್ಲ ಹೇಳಿ ಮುಗಿಸಿದ. ತಂತಿಯೊಳಗೆ ಓಡಾಡುವುದು ಬೆಳಕು. ಫೋನಿಗೂ ಟಿವಿಗೂ ಬೆಳಕಿನ ಭಾಷೆ ಬಾರದು. ಅವರ ಮಾತನ್ನು ಬೆಳಕಿಗೆ ಹೊರಿಸಿ ಕಳಿಸುವುದು ಮಾಡ್ಯುಲೇಷನ್, ಬಂದ ಬೆಳಕಿನಿಂದ ಮಾತನ್ನು ಇಳಿಸಿಕೊಳ್ಳುವುದು ಡಿಮಾಡ್ಯುಲೇಷನ್, ಎರಡರ ತಲೆಯನ್ನೂ ಸೇರಿಸಿದರೆ ಮೋಡೆಮ್. ಅದನ್ನು ಮನೆತುಂಬ ಹಂಚುವುದು ರೌಟರ್. ಅದೂ ಅದೇ ಡಬ್ಬಿಯಲ್ಲಿದೆ. ಮರದ ಮೇಲಿನದು ಸ್ಪ್ಲಿಟರ್. ಡಬ್ಬಿಯಲ್ಲಿ ಕೆಂಪು ದೀಪ ಹತ್ತಿದರೆ ಬೆಳಕು ಬರುತ್ತಿಲ್ಲ ಎಂದರ್ಥ. ಇಂಥ ಸಾಮಾನಿಗೆಲ್ಲ ಒಟ್ಟು ಹೆಸರು ಡೇಟಾ ಕಮ್ಯುನಿಕೇಷನ್ ಎಕ್ವಿಪ್‌ಮೆಂಟ್.

ಅಷ್ಟಕ್ಕೆ ಬಿಟ್ಟಿದ್ದರೆ ಆಗುತ್ತಿತ್ತು. ಮುಜಮ್ಮಿಲ್ ಹೆಲ್ಮೆಟ್ ತಲೆಗೇರಿಸಿದ ಮೇಲೂ ಪ್ರಸಾದ ಬೈಕಿನ ಹ್ಯಾಂಡಲ್ ಹಿಡಿದು, ಬ್ಯಾಂಡ್‌ವಿಡ್ತ್ ಅಂದರೇನು ಎಂದು ಕೇಳಿದ.

"ನಿಮ್ಮ ಸ್ಪ್ರಿಂಕ್ಲರ್ ಇದ್ದ ಹಾಗೆ ಅಂದ್ಕೊಳ್ಳಿ ಸಾರ್. ಪೈಪ್ ದಪ್ಪ ಇದ್ರೆ ಜಾಸ್ತಿ ಬರುತ್ತೆ" ಎಂದು ಹೇಳಿ ಮುಜಮ್ಮಿಲ್ ಬೈಕು ಒದ್ದ. ಮುಂದಿನ ಅನಾಹುತಕ್ಕೆಲ್ಲ ಮೂಲ ಈ ಒಂದು ಮಾತು.

ಅಂದಿನಿಂದ ಪ್ರಸಾದ ಮನೆಮನೆಗೆ ಹೋಗಿ ಜ್ಞಾನದಾನ ಮಾಡತೊಡಗಿದ. ಪಾಪಮ್ಮನವರು ಊರಿಗೆ ಹಿರಿಯರು. ಎಲೆ ಅಡಿಕೆ ಹಾಕಿಕೊಂಡು ಮಾಡ್ಯುಲೇಷನ್ ಡಿಮಾಡ್ಯುಲೇಷನ್ ಎರಡನ್ನೂ ತಾಳ್ಮೆಯಿಂದ ಕೇಳಿದರು. ಮಧ್ಯದಲ್ಲಿ ಕೂತು ಆ ಕಡೆಗೆ ಒಂದು ಭಾಷೆ, ಈ ಕಡೆಗೆ ಒಂದು ಭಾಷೆ ಆಡುವುದೇ ಇದರ ಕೆಲಸ ಎಂದು ಪ್ರಸಾದ ಮುಗಿಸಿದಾಗ, "ಹಾಗಾದ್ರೆ ಕಾಫಿ ದಲ್ಲಾಳಿ ಅನ್ನು ಮಾರಾಯ, ಅದಕ್ಯಾಕೆ ಅಷ್ಟು ದೊಡ್ಡ ಹೆಸರು" ಎಂದು ಎದ್ದು ಒಳಗೆ ಹೋದರು. ಇಡೀ ಸೀಮೆಯಲ್ಲಿ ಮೋಡೆಮ್ಮಿನ ಬಗ್ಗೆ ಇದಕ್ಕಿಂತ ಸರಿಯಾದ ಮಾತನ್ನು ಯಾರೂ ಆಡಿರಲಿಲ್ಲ. ಪ್ರಸಾದನಿಗೆ ಮಾತ್ರ ವಿಷಯದ ಗಾಂಭೀರ್ಯ ಹಾಳಾಯಿತೆಂದು ಬೇಸರವಾಯಿತು.

ಪ್ರಸಾದನನ್ನು ತೀರ ಕೆಲಸಕ್ಕೆ ಬಾರದವನೆಂದು ತಿಳಿಯಬಾರದು. ಅವನಿಗೆ ನಿಜವಾಗಿ ಬರುತ್ತಿದ್ದ ಒಂದು ವಿದ್ಯೆಯಿತ್ತು, ಮೆಣಸಿನ ಬಳ್ಳಿಯನ್ನು ಮರಕ್ಕೆ ಕಟ್ಟುವುದು. ಎರಡು ಸುತ್ತು ಸುತ್ತಿ, ತುದಿಯನ್ನು ಒಳಗೆ ಮಡಚಿ, ಕೊನೆಗೆ ಕುರಿಮರಿಯ ಕಿವಿಯಂತೆ ಒಂದು ಪುಟ್ಟ ಕುಣಿಕೆ ಬಿಡುತ್ತಿದ್ದ. ಅವನು ಕಟ್ಟಿದ ಬಳ್ಳಿ ಎಂಥ ಮಳೆಗೂ ಜಾರಿದ್ದಿಲ್ಲ. ಆ ಕಿವಿಯನ್ನು ನೋಡಿದರೆ ಸಾಕು, ಇದು ಪ್ರಸಾದನ ಕೈ ಎಂದು ಊರಿನ ಯಾರು ಬೇಕಾದರೂ ಹೇಳುತ್ತಿದ್ದರು.

ಮುಜಮ್ಮಿಲ್ ಮರದ ಮೇಲೆ, ಪೆಟ್ಟಿಗೆಗೆ ಬರುವ ದೊಡ್ಡ ತಂತಿಯ ಹೆಚ್ಚುವರಿ ಉದ್ದವನ್ನು ಸಡಿಲವಾದ ಒಂದು ದೊಡ್ಡ ಸುರುಳಿಯಾಗಿ ತೂಗುಹಾಕಿ ಹೋಗಿದ್ದ. ಪ್ರಸಾದನ ಕಣ್ಣಿಗೆ ಅದು ಸೋಮಾರಿಯ ಕೆಲಸವಾಗಿ ಕಂಡಿತು. ಒಂದು ದಿನ ಏಣಿ ಹಾಕಿ ಹತ್ತಿ, ಸುರುಳಿ ಬಿಚ್ಚಿ, ತಂತಿಯನ್ನು ಕಾಂಡಕ್ಕೆ ಎಳೆದು, ಬೇರೆ ದಾರ ಯಾಕೆಂದು ತಂತಿಯಲ್ಲೇ ಮೇಲಿಂದ ಕೆಳಗಿನವರೆಗೆ ಗಂಟಿನ ಮೇಲೆ ಗಂಟು ಹಾಕಿದ. ಕೆಳಗೆ ಏಣಿ ಹಿಡಿದಿದ್ದ ಹೆಂಡತಿ ಭವ್ಯಾ, ಹೀಗೆಲ್ಲ ಕಟ್ಟಬಹುದಾ ಎಂದು ಅನುಮಾನಪಟ್ಟಳು.

"ಬಿಗಿಯಾಗಿ ಕಟ್ಟಿದ್ರೇನೇ ಹಿಡಿಯೋದು. ಬಳ್ಳಿಯಾದ್ರೇನು, ತಂತಿಯಾದ್ರೇನು" ಎಂದ ಪ್ರಸಾದ, ಮೇಲಿನಿಂದ.

ಫೈಬರ್ ಎಂದರೆ ಕೂದಲಿನಷ್ಟು ತೆಳುವಾದ ಗಾಜು, ಅದನ್ನು ಮಡಚಿದರೆ ಬೆಳಕು ಮಡಿಕೆಯಲ್ಲೇ ಸೋರಿಹೋಗುತ್ತದೆ ಎಂಬ ಒಂದು ವಿಷಯವನ್ನು ಮುಜಮ್ಮಿಲ್ ಹೇಳಿರಲಿಲ್ಲ. ಪ್ರಸಾದನೂ ಕೇಳಿರಲಿಲ್ಲ, ಏಕೆಂದರೆ ಅದಕ್ಕೆ ಹೆಸರಿರಲಿಲ್ಲ. ಗಾಳಿ ಇಲ್ಲದಾಗ ಗಂಟುಗಳು ಹೇಗೋ ಬೆಳಕನ್ನು ನುಸುಳಿಸಿಕೊಡುತ್ತಿದ್ದವು. ಡಿಸೆಂಬರ್ ಬಂತು, ಮಧ್ಯಾಹ್ನದ ಗಾಳಿಗೆ ಸಿಲ್ವರ್ ಮರ ತೂಗತೊಡಗಿತು, ಗಂಟುಗಳು ಬಿಗಿದವು. ಇಡೀ ಊರಿನ ನೆಟ್ ಬರುತ್ತ ಹೋಗುತ್ತ ಕಡೆಗೆ ಹೋಗುವುದನ್ನೇ ಅಭ್ಯಾಸ ಮಾಡಿಕೊಂಡಿತು.

ಮುಜಮ್ಮಿಲ್ ಎರಡು ಸಲ ಬಂದ. ಬಂದದ್ದು ಎರಡು ಸಲವೂ ಬೆಳಿಗ್ಗೆ, ಒಂದೆಲೆಯೂ ಅಲುಗದ ಹೊತ್ತಿನಲ್ಲಿ. ಡಾಕ್ಟರ ಮುಂದೆ ಕೂತ ಕೂಡಲೇ ಕೆಮ್ಮು ನಿಲ್ಲಿಸುವ ರೋಗಿಯ ಹಾಗೆ ಮೋಡೆಮ್ಮುಗಳೆಲ್ಲ ಹಸಿರು ದೀಪ ತೋರಿಸಿದವು. ಅವನು ಮರದ ಕಡೆ ತಲೆ ಹಾಕದೆ ವಾಪಸ್ಸು ಹೋದ.

ಆಗ ರೋಗ ಪತ್ತೆಹಚ್ಚುವ ಹೊಣೆ ಪ್ರಸಾದನ ಮೇಲೆ ಬಿತ್ತು. ಅವನಿಗೆ ಕಾರಣ ಹೊಳೆಯುವುದಕ್ಕೆ ಒಂದು ಲೋಟ ಕಾಫಿ ಕುಡಿಯುವಷ್ಟು ಹೊತ್ತೂ ಬೇಕಾಗಲಿಲ್ಲ. ಒಂದು ಪಂಪಿಗೆ ಸ್ಪ್ರಿಂಕ್ಲರಿನ ಜೆಟ್ ಜಾಸ್ತಿ ಹಾಕಿದರೆ ಪ್ರೆಷರ್ ಇಳಿಯುತ್ತದೆ. ಎಲ್ಲ ಮನೆಯವರೂ ಒಟ್ಟಿಗೆ ನೆಟ್ ತಿರುಗಿಸಿದರೆ ಇನ್ನೇನಾಗುತ್ತದೆ? ಇದಕ್ಕಿರುವುದು ಒಂದೇ ಉಪಾಯ, ಹಳ್ಳಕ್ಕೆ ಇರುವ ಹಾಗೆ ನೆಟ್ಟಿಗೂ ಸರದಿ.

ಹಳ್ಳದ ಸರದಿಯ ವಿಷಯವನ್ನು ಇಲ್ಲಿ ಹೇಳಬೇಕು. ಫೆಬ್ರವರಿಯಲ್ಲಿ ಕಾಫಿ ಗಿಡ ಮೊಗ್ಗು ಹಿಡಿದು ನೀರಿಗಾಗಿ ಕಾಯುತ್ತದೆ. ಆಗ ಸ್ಪ್ರಿಂಕ್ಲರಿನಲ್ಲಿ ಹೂವಿನ ನೀರು ಕೊಟ್ಟರೆ ಮುಂದಿನ ವರ್ಷದ ಬೆಳೆ ಉಂಟು, ತಡವಾದರೆ ಇಲ್ಲ. ಗುಬ್ಬಿಹಕ್ಲಿಗೆಲ್ಲ ಇರುವುದು ಒಂದೇ ಹಳ್ಳ. ಮೊದಲ ಸರದಿಯವರಿಗೆ ತುಂಬಿದ ಗುಂಡಿ, ಕೊನೆಯವರಿಗೆ ಕೆಸರು. ಆ ಹಳ್ಳಕ್ಕೆ ಒಡ್ಡು ಕಟ್ಟಿಸಿ ಗುಂಡಿ ಮಾಡಿಸಿದವರು ಪ್ರಸಾದನ ತಂದೆಯಾದ್ದರಿಂದ ಮೊದಲ ಸರದಿ ಅವತ್ತಿನಿಂದಲೂ ಅವನ ಮನೆಯದು. ಎರಡನೆಯದು ಮೇಲ್ಗಡೆ ತೋಟದ ರುದ್ರಪ್ಪನವರದು. ಹಳ್ಳ ಮೊದಲು ಹಾದುಬರುವುದು ರುದ್ರಪ್ಪನವರ ತೋಟದಲ್ಲೇ. ಅವರು ಒಂದು ದಿನವೂ ಸರದಿ ಮೀರಿದವರಲ್ಲ, ಆದರೂ ಮೇಲ್ಗಡೆ ಇರುವವರ ಬಗ್ಗೆ ಕೆಳಗಡೆ ಇರುವವರಿಗೆ ಅನುಮಾನ ಇದ್ದೇ ಇರುತ್ತದೆ.

ನೆಟ್ ಸರದಿ ಜಾರಿಗೆ ಬಂತು. ಬೆಳಗಿನ ಹೊತ್ತು ಪ್ರಸಾದನಿಗೆ, ಮಧ್ಯಾಹ್ನ ಪಾಪಮ್ಮನವರಿಗೆ, ಹೀಗೆ ಒಂದೊಂದು ಮನೆಗೆ ಒಂದೊಂದು ಹೊತ್ತು. ಸರದಿ ಇಲ್ಲದವರು ಮೋಡೆಮ್ಮಿನ ಸ್ವಿಚ್ಚು ಆರಿಸಬೇಕು. ಮೊದಲ ದಿನ ದೇವರ ದಯದಿಂದ ಗಾಳಿ ಬೀಸಲಿಲ್ಲ. ನೆಟ್ ಚಿಮ್ಮಿಕೊಂಡು ಬಂತು. ಪಾಪಮ್ಮನವರು ಕಳಸದಲ್ಲಿರುವ ಮಗಳ ಮುಖವನ್ನು ಕಣ್ತುಂಬ ನೋಡಿ, ಪ್ರಸಾದನಿಗೆ ಒಂದು ಬಟ್ಟಲು ಕಡುಬು ಕಳಿಸಿದರು. ಅವನ ನಡಿಗೆಯೇ ಬದಲಾಯಿತು.

ಎರಡನೆಯ ದಿನ ಗಾಳಿ ಬೀಸಿತು. ಸರದಿ ಇದ್ದೂ ನೆಟ್ ಇಲ್ಲವೆಂದರೆ ಯಾರೋ ಸರದಿ ತಪ್ಪಿಸಿ ಎಳೆದುಕೊಳ್ಳುತ್ತಿದ್ದಾರೆ ಎಂದಾಯಿತು. ಎಳೆದುಕೊಳ್ಳುವುದು ಸುಲಭ ಯಾರಿಗೆ? ಮೇಲ್ಗಡೆಯವರಿಗೆ. ಪ್ರಸಾದ ಸೀದಾ ರುದ್ರಪ್ಪನವರ ಮನೆಗೆ ಹತ್ತಿದ. ಅವರು ಮನೆಯಲ್ಲಿರಲಿಲ್ಲ. ಅವರ ಹೆಂಡತಿ ರುಕ್ಮಿಣಮ್ಮ, ಅಪರೂಪಕ್ಕೆ ಬಂದಿದ್ದೀರಿ ಎಂದು ಕೂರಿಸಿ ಕಾಫಿ, ಚಕ್ಕುಲಿ ತಂದಿಟ್ಟರು. ಪ್ರಸಾದ ಚಕ್ಕುಲಿ ಮುರಿಯುತ್ತ ಗೋಡೆಯ ಮೋಡೆಮ್ಮನ್ನೇ ದಿಟ್ಟಿಸಿದ. ಸರದಿ ಪಾಪಮ್ಮನವರದು, ಇಲ್ಲಿ ದೀಪಗಳು ಮಿಣಮಿಣ ಎನ್ನುತ್ತಿವೆ. ಕಳ್ಳ ಮಾಲು ಸಮೇತ ಸಿಕ್ಕಿದ್ದ. ರುಕ್ಮಿಣಮ್ಮನವರು, ಮನೆಯಲ್ಲಿ ಎಲ್ಲ ಕ್ಷೇಮವೇ, ಯಾಕೆ ಹೀಗೆ ಗೋಡೆ ನೋಡುತ್ತೀರಿ ಎಂದು ಕಳವಳದಿಂದ ಇನ್ನೆರಡು ಚಕ್ಕುಲಿ ಹಾಕಿದರು.

ರುದ್ರಪ್ಪನವರು ಮೆಟ್ಟಿಲು ಹತ್ತಿ ಬಂದಾಗ ಪ್ರಸಾದ ನ್ಯಾಯ ಕೇಳಿದ. ಅವರು ಕಮ್ಮಿ ಮಾತಿನವರು. ಟೋಪಿ ತೆಗೆದು, ಕಾಲು ತೊಳೆದು, ಟವೆಲಿನಿಂದ ಒರೆಸಿಕೊಂಡು, ಆಮೇಲೆ ಹೇಳಿದರು. "ನೀರಾದ್ರೆ ಬತ್ತುತ್ತೆ ಪ್ರಸಾದ, ಅದಕ್ಕೆ ಸರದಿ ಬೇಕು. ಬೆಳಕಿಗೆಂಥ ಸರದಿ ಮಾರಾಯ. ನಾನಂತೂ ಆರಿಸೋದಿಲ್ಲ."

ಚಕ್ಕುಲಿ ತಿಂದ ಬಾಯಲ್ಲಿ ಜಗಳ ಆಡುವುದು ಕಷ್ಟ. ಪ್ರಸಾದ ಮನೆಗೆ ಬಂದು, ದಿಬ್ಬ ಹತ್ತಿ, ಮೂಡಿಗೆರೆಯಲ್ಲಿರುವ ನೆಟ್ ಕಂಪನಿಯ ಆಫೀಸಿಗೆ ಫೋನ್ ಮಾಡಿದ. ಫೋನೆತ್ತಿದ ಹುಡುಗಿ, ಮೋಡೆಮ್ ಆರಿಸಿ ಹಾಕಿ ನೋಡಿದಿರಾ ಎಂದು ಕೇಳಿದಳು. ಅದಕ್ಕೆ ಪ್ರಸಾದ ಸ್ಪ್ಲಿಟರಿನಿಂದ ಶುರುಮಾಡಿ ಡಿಮಾಡ್ಯುಲೇಷನ್ ಹಾದು ಬ್ಯಾಂಡ್‌ವಿಡ್ತ್ ಕಳವಿನವರೆಗೆ ಬಂದ. ಯಾರೋ ದೊಡ್ಡ ಇಂಜಿನಿಯರ್ ಬೇಕೆಂದೇ ಪರೀಕ್ಷೆ ಮಾಡುತ್ತಿದ್ದಾರೆಂದು ಅವಳು ಹೆದರಿಕೊಂಡಿರಬೇಕು. ನಾಳೆಯೇ ಸಾಹೇಬರನ್ನು ಕಳಿಸುತ್ತೇನೆ ಎಂದಳು. ಈ ಸಂಭಾಷಣೆಯನ್ನು ಕೊಟ್ಟಿಗೆಯಲ್ಲಿದ್ದ ಪಾಪಮ್ಮನವರು ಪೂರ್ತಿ ಕೇಳಿಸಿಕೊಂಡದ್ದರಿಂದ ಸಂಜೆಯ ಹೊತ್ತಿಗೆ ಊರಿಗೆಲ್ಲ ಸುದ್ದಿಯಾಯಿತು. ರುದ್ರಪ್ಪನವರ ಮೇಲೆ ಪ್ರಸಾದ ಕಂಪ್ಲೇಂಟ್ ಕೊಟ್ಟಿದ್ದಾನೆ, ಮೇಲಿನವರು ಬರುತ್ತಾರೆ.

ಮೇಲಿನವರು ಬಂದರು. ರಂಗನಾಥ ಎಂಬ ಇಂಜಿನಿಯರು, ಜೀಪು, ಒಂದು ಚರ್ಮದ ಪೆಟ್ಟಿಗೆ, ಹಿಂದಿನಿಂದ ಬೈಕಿನಲ್ಲಿ ಮುಖ ಸಪ್ಪಗೆ ಮಾಡಿಕೊಂಡ ಮುಜಮ್ಮಿಲ್. ಬರುವಾಗಲೇ ಮಧ್ಯಾಹ್ನ ಇಳಿದಿತ್ತು. ಪ್ರಸಾದನ ಕಣದಲ್ಲಿ ಕಾಫಿ ಹಣ್ಣು ಒಣಗುತ್ತಿತ್ತು, ಅದರ ಸುತ್ತ ಊರು ನೆರೆದಿತ್ತು. ರಂಗನಾಥ ಮೊದಲು ಸರದಿಯ ವ್ಯವಸ್ಥೆಯನ್ನು ಎರಡು ಸಲ ಕೇಳಿ ತಿಳಿದುಕೊಂಡ. ಒಂದು ಸಲಕ್ಕೆ ನಂಬಿಕೆ ಬರಲಿಲ್ಲ. ಆಮೇಲೆ, ಎಂಟು ಮನೆಯವರೂ ಒಟ್ಟಿಗೆ ಸಿನಿಮಾ ಹಾಕಿಕೊಂಡರೂ ಈ ತಂತಿಗೆ ಏನೂ ಆಗುವುದಿಲ್ಲ, ಸರದಿಯ ಅಗತ್ಯವೇ ಇರಲಿಲ್ಲ ಎಂದ. ಊರಿನವರು ಪ್ರಸಾದನ ಕಡೆ ನೋಡಿದರು. ಮೂರು ದಿನದಿಂದ ಹೊತ್ತುಹೊತ್ತಿಗೆ ಸ್ವಿಚ್ಚು ಆರಿಸಿದ್ದ ಬೆರಳುಗಳು ಅಲ್ಲಿದ್ದವು.

ಪ್ರಸಾದನಿಗೆ ಹಿಂದೆ ಸರಿಯುವ ಜಾಗ ಇರಲಿಲ್ಲ. ಹಾಗಿದ್ದರೆ ಕಳವು ಆಗುತ್ತಿರುವುದು ಖಂಡಿತ ಎಂದು ವಾದಿಸಿದ. ಅಂಚಿನಲ್ಲಿ ಕೈಕಟ್ಟಿ ನಿಂತಿದ್ದ ರುದ್ರಪ್ಪನವರು, ಮೊದಲು ನಮ್ಮ ಮನೆಯನ್ನೇ ನೋಡಲಿ ಎಂದರು. ಆ ಸಮಾಧಾನವೇ ಪ್ರಸಾದನಿಗೆ ಖಾರ ಹಚ್ಚಿದಂತಾಯಿತು.

"ಎಲ್ಲರೆದುರಿಗೆ ಹೇಳ್ತೀನಿ ರುದ್ರಪ್ಪಣ್ಣ. ನಿಮ್ಮಿಂದ ಆಗಿದ್ರೆ ನೀವು ತಪ್ಪೊಪ್ಕೋಬೇಕು. ನಮ್ಮಿಂದ ಆಗಿದ್ರೆ ಈ ವರ್ಷದ ಮೊದಲ ನೀರು ನಿಮಗೆ."

ಕಾಫಿ ಕೆದಕುತ್ತಿದ್ದ ಭವ್ಯಾ ಕೈ ನಿಲ್ಲಿಸಿದಳು. ನೆಟ್ ಹೋದರೆ ನಾಳೆ ಬರುತ್ತದೆ. ಹೂವಿನ ನೀರು ಹಾಗಲ್ಲ, ಎರಡನೆಯ ಸರದಿ ಬರುವಷ್ಟರಲ್ಲಿ ಹಳ್ಳ ಅರ್ಧ ಬತ್ತಿರುತ್ತದೆ, ಅದು ಆಡುವ ಮಾತೇ ಅಲ್ಲ. "ರೀ" ಎಂದಳು ಅವಳು. ಆ ಒಂದು ಅಕ್ಷರದಲ್ಲಿ ಏಣಿಯೂ ಮರವೂ ಗಂಟೂ ಎಲ್ಲ ಇತ್ತು, ಆದರೆ ಪ್ರಸಾದ ಆ ಹೊತ್ತಿನಲ್ಲಿ ಕೇಳಿಸಿಕೊಳ್ಳುವ ಸ್ಥಿತಿಯಲ್ಲಿರಲಿಲ್ಲ.

ರಂಗನಾಥ ಚರ್ಮದ ಪೆಟ್ಟಿಗೆಯಿಂದ ಬೆಳಕು ಅಳೆಯುವ ಒಂದು ಮೀಟರು ತೆಗೆದು ರುದ್ರಪ್ಪನವರ ಮನೆಯ ತಂತಿಗೆ ಚುಚ್ಚಿದ. ಮೈನಸ್ ಮೂವತ್ತು ತೋರಿಸಿತು. ಪ್ರಸಾದ ಎಲ್ಲ ಗೊತ್ತಿದ್ದವನಂತೆ ತಲೆಯಾಡಿಸಿದ. ಆಮೇಲೆ ಪಾಪಮ್ಮನವರ ಮನೆ, ಅಲ್ಲೂ ಮೈನಸ್ ಮೂವತ್ತರ ಆಸುಪಾಸು. ಪ್ರಸಾದನ ಮನೆಯಲ್ಲೂ ಅಷ್ಟೇ. ಬೆಳಕು ಎಲ್ಲ ಮನೆಯಲ್ಲೂ ಒಂದೇ ಸಮ ಕಡಿಮೆ ಇದೆ, ಅಂದಮೇಲೆ ತೊಂದರೆ ಯಾವ ಮನೆಯಲ್ಲೂ ಇಲ್ಲ, ಪೆಟ್ಟಿಗೆಗೆ ಬರುವ ಮೊದಲೇ ಇದೆ ಎಂದ ರಂಗನಾಥ. ರುದ್ರಪ್ಪನವರು ನಿರ್ದೋಷಿಯಾದರು. ರುಕ್ಮಿಣಮ್ಮನವರು ಸಾಹೇಬರಿಗೂ ಚಕ್ಕುಲಿ ಕೊಟ್ಟರು.

ಮಂಜು ಇಳಿಯಲು ಶುರುವಾಗಿ ತೋಟದೊಳಗೆ ಕತ್ತಲು ಕವಿಯುತ್ತಿತ್ತು. ರಂಗನಾಥ ರಸ್ತೆಯ ತಿರುವಿನಲ್ಲಿದ್ದ ಜೋಡಣೆಯನ್ನು ಬಿಚ್ಚಿ, ಪೆನ್ನಿನಂಥ ಒಂದು ಸಾಧನದಿಂದ ತಂತಿಯೊಳಗೆ ಕೆಂಪು ಬೆಳಕು ಬಿಟ್ಟ. ಬೆಳಕು ಎಲ್ಲಿ ಸೋರುತ್ತದೋ ಅಲ್ಲಿ ಕೆಂಪಗೆ ಕಾಣುತ್ತದೆ, ಹುಡುಕಿಕೊಂಡು ಹೋದರಾಯಿತು ಎಂದ. ಹುಡುಕುವ ಕಷ್ಟವೇನೂ ಬರಲಿಲ್ಲ. ಪ್ರಸಾದನ ಬೇಲಿಯ ಬಳಿ ಬಂದು ತಲೆ ಎತ್ತಿದರೆ, ಸಿಲ್ವರ್ ಮರದ ಉದ್ದಕ್ಕೂ ಮೇಲಿಂದ ಕೆಳಗೆ, ಗಂಟಿಗೊಂದರಂತೆ ಕೆಂಪು ದೀಪ ಹತ್ತಿತ್ತು. ಬಿಗಿತಕ್ಕೆ ತಂತಿಯ ಬಿಳಿ ಹೊದಿಕೆ ಅಲ್ಲಲ್ಲಿ ಒಡೆದಿತ್ತು. ಒಂದೊಂದು ದೀಪದ ಪಕ್ಕದಲ್ಲೂ ಕುರಿಮರಿಯ ಕಿವಿಯಂಥ ಒಂದೊಂದು ಪುಟ್ಟ ಕುಣಿಕೆ ಸ್ಪಷ್ಟವಾಗಿ ಕಾಣುತ್ತಿತ್ತು.

ಅಂಗೈ ಹುಣ್ಣಿಗೆ ಕನ್ನಡಿ ಯಾಕೆ? ಪ್ರಸಾದ ತನ್ನ ಎರಡೂ ಕೈಗಳನ್ನು ಪ್ಯಾಂಟಿನ ಜೇಬಿಗೆ ಇಳಿಸಿದ. ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ.

"ಇದನ್ನ ಕಟ್ಟಿದ್ದು ಯಾರು?" ಎಂದು ಕೇಳಿದ ರಂಗನಾಥ. ಪರ ಊರಿನವನಾದ್ದರಿಂದ ಅವನಿಗೆ ಆ ಕಿವಿಗಳನ್ನು ಓದಲು ಬರುತ್ತಿರಲಿಲ್ಲ. ಉತ್ತರ ಬಾರದ್ದರಿಂದ ಮುಜಮ್ಮಿಲನ ಕಡೆ ತಿರುಗಿದ. ಲೈನ್ ಹಾಕಿದವನು ನೀನು, ಹೀಗೆ ಗಂಟು ಹಾಕುವುದನ್ನು ಯಾರು ಕಲಿಸಿದರು, ಈ ಲೈನನ್ನು ಇನ್ನು ನಿನ್ನ ಕೈಯಲ್ಲಿ ಬಿಡಬೇಕೋ ಬೇಡವೋ ಎಂದು ಗದರಿದ. ಮುಜಮ್ಮಿಲ್ ಮರವನ್ನು ನೋಡಿದ, ಪ್ರಸಾದನನ್ನು ನೋಡಿದ, ನೆಲ ನೋಡಿದ. ಪ್ರಸಾದ ಬಾಯಿ ತೆರೆದ. ಊರಿಗೆಲ್ಲ ಮೋಡೆಮ್ ಕಲಿಸಿದ ಆ ಬಾಯಿಯಿಂದ ಒಂದು ಶಬ್ದವೂ ಹೊರಡಲಿಲ್ಲ.

"ಮಂಗ ಸಾರ್" ಎಂದರು ರುದ್ರಪ್ಪನವರು.

ರಂಗನಾಥ ಅವರನ್ನು ನೋಡಿದ. ಮಂಗ ತಂತಿ ಹರಿಯುವುದನ್ನು ಅವನು ಕಂಡಿದ್ದ, ಗಂಟು ಹಾಕುವುದನ್ನು ಕಂಡಿರಲಿಲ್ಲ. ಹಾಗೆಂದು ಹೇಳಿದ.

"ನಮ್ಮ ಕಡೆ ಮಂಗ ಹಾಗೇ ಸಾರ್" ಎಂದರು ಪಾಪಮ್ಮನವರು, ಎಲೆ ಅಡಿಕೆ ಒಂದು ಕೆನ್ನೆಯಿಂದ ಇನ್ನೊಂದು ಕೆನ್ನೆಗೆ ಸರಿಸಿಕೊಳ್ಳುತ್ತ. "ಮೆಣಸು ಕಟ್ಟೋದನ್ನ ನೋಡಿ ನೋಡಿ ಕಲ್ತ್ಕೊಂಡ್ಬಿಡ್ತವೆ."

ಊರಿಗೆ ಊರೇ ಗಂಭೀರವಾಗಿ ತಲೆಯಾಡಿಸಿತು. ಮಂಜು ದಟ್ಟವಾಗುವ ಮೊದಲು ಮೂಡಿಗೆರೆ ಸೇರಬೇಕಾಗಿದ್ದ ರಂಗನಾಥ ಅದನ್ನೇ ಒಪ್ಪಿಕೊಂಡು ಜೀಪು ಹತ್ತಿದ. ಮುಜಮ್ಮಿಲ್ ಮರುದಿನ ಆ ತುಂಡನ್ನು ಕತ್ತರಿಸಿ ಹೊಸ ತಂತಿ ಜೋಡಿಸಿ, ಮತ್ತೆ ಸಡಿಲವಾದ ದೊಡ್ಡ ಸುರುಳಿಯನ್ನೇ ತೂಗುಹಾಕಿದ. ಪ್ರಸಾದ ತಾನೇ ಏಣಿ ಹಿಡಿದು ಕೆಳಗೆ ನಿಂತಿದ್ದ, ಮೇಲೆ ನೋಡಲಿಲ್ಲ.

ಆಮೇಲೆ ನೆಟ್ ಹೋದದ್ದಿಲ್ಲ. ಎಲ್ಲ ಮನೆಯಲ್ಲೂ ಎಲ್ಲ ಹೊತ್ತೂ ದೀಪ ಮಿಣುಕಿತು, ಎಲ್ಲರೂ ಮತ್ತೆ ಡಬ್ಬಿ ಎಂದೇ ಕರೆಯತೊಡಗಿದರು. ಪ್ರಸಾದನ ಎದುರಿಗೆ ಯಾರೂ ಗಂಟಿನ ವಿಷಯ ಎತ್ತಲಿಲ್ಲ. ಆದರೆ ಮಂಗನ ಆರೋಗ್ಯವನ್ನು ಬಹಳ ಕಾಳಜಿಯಿಂದ ವಿಚಾರಿಸುತ್ತಿದ್ದರು. ಈಚೆಗೆ ಕಾಣಲಿಲ್ಲವಲ್ಲ, ಮೆಣಸಿನ ಕುಯ್ಲಿಗೆ ಬರುತ್ತದೋ ಇಲ್ಲವೋ, ಅದಕ್ಕೆ ಮದುವೆಯಾಗಿದೆಯೋ ಎಂದು ಕೇಳುತ್ತಿದ್ದರು. ಆಗಿದೆ ಎಂದು ಭವ್ಯಾ ಒಳಗಿನಿಂದಲೇ ಉತ್ತರ ಕೊಡುತ್ತಿದ್ದಳು.

ಫೆಬ್ರವರಿ ಬಂತು. ಗಿಡ ಮೊಗ್ಗು ಹಿಡಿಯಿತು, ಮಳೆಯ ಸುದ್ದಿಯಿಲ್ಲ, ಹಳ್ಳ ದಿನದಿನಕ್ಕೆ ಇಳಿಯುತ್ತಿತ್ತು. ಮೊದಲ ಪಂಪು ಹಾಕುವ ಬೆಳಿಗ್ಗೆ ರೂಢಿಯಂತೆ ಎಲ್ಲ ಮನೆಯವರೂ ಗುಂಡಿಯ ಬಳಿ ಸೇರಿದರು. ಪಂದ್ಯದ ಮಾತು ಎಲ್ಲರಿಗೂ ನೆನಪಿತ್ತು. ಆದರೆ ಸಾಹೇಬರ ಎದುರಿಗೆ ಮಂಗ ಎಂದು ತೀರ್ಮಾನವಾಗಿದೆ, ಹಾಗೆ ಹೇಳಿದವರೇ ರುದ್ರಪ್ಪನವರು. ಇನ್ನು ಪ್ರಸಾದ ತನ್ನ ಪಂಪು ಇಳಿಸಿದರೆ ಕೇಳುವವರು ಯಾರೂ ಇರಲಿಲ್ಲ. ರುದ್ರಪ್ಪನವರು ಪಂಪು ತಂದಿರಲಿಲ್ಲ, ಸುಮ್ಮನೆ ದಂಡೆಯ ಕಲ್ಲಿನ ಮೇಲೆ ಕೂತಿದ್ದರು.

ಪ್ರಸಾದ ಪಂಪು ತಂದಿದ್ದ. ಜೀಪಿನಿಂದ ಇಳಿಸಿ, ಗುಂಡಿಯ ಬದಿಗಿಟ್ಟು, ನೀರೆಳೆಯುವ ಫುಟ್‌ವಾಲ್ವನ್ನು ಗುಂಡಿಗೆ ಬಿಟ್ಟ. ಆಮೇಲೆ ಪೈಪನ್ನು ಕೆಳಗಡೆ ತನ್ನ ತೋಟದ ಕಡೆಗೆ ಎಳೆಯುವುದರ ಬದಲು ಮೇಲ್ಗಡೆಗೆ ಎಳೆಯತೊಡಗಿದ. ರುದ್ರಪ್ಪನವರು ಕಲ್ಲಿನಿಂದ ಎದ್ದು ನಿಂತರು.

ದಾರಿ ತಪ್ಪಿತೇನೋ ಎಂದು ಪಾಪಮ್ಮನವರು ಎಚ್ಚರಿಸಿದರು. ಮೊದಲ ನೀರು ರುದ್ರಪ್ಪಣ್ಣನದು ಎಂದ ಪ್ರಸಾದ, ತಲೆ ಎತ್ತದೆ. ಅದನ್ನು ಮಾಡಿದ್ದು ಮಂಗ ಎಂದು ಆಗಿದೆಯಲ್ಲ ಎಂದು ಪಾಪಮ್ಮನವರು ಬಿಡದೆ ಕೇಳಿದರು. ಊರಿಗೆಲ್ಲ ಆ ಉತ್ತರ ಬೇಕಾಗಿತ್ತು.

ಪ್ರಸಾದ ಪೈಪಿನ ಜೋಡಣೆ ಬಿಗಿ ಮಾಡುತ್ತ ಹೇಳಿದ. "ಮಂಗ ನಮ್ಮ ತೋಟದ್ದೇ ಅಲ್ವಾ ಪಾಪಮ್ಮಜ್ಜಿ."

ರುದ್ರಪ್ಪನವರು ಹತ್ತಿರ ಬಂದು ಪ್ರಸಾದನ ಎದುರಿಗೆ ಕೂತು ಪೈಪಿನ ಇನ್ನೊಂದು ತುದಿ ಹಿಡಿದುಕೊಂಡರು. ಇಬ್ಬರೂ ಸೇರಿ ಎರಡು ಜೋಡಣೆ ಮುಗಿಸಿದರು. ಮೂರನೆಯದಕ್ಕೆ ರುದ್ರಪ್ಪನವರು ಮಾತು ತೆಗೆದರು.

"ನಮ್ಮ ತೋಟದಲ್ಲಿ ಹೋದ ಮಳೆಗೆ ಅರ್ಧ ಬಳ್ಳಿ ಜಾರಿಬಿತ್ತು ಪ್ರಸಾದ. ಈ ಸಲ ಮಳೆ ಹಿಡಿಯೋ ಮೊದ್ಲು ಆ ಮಂಗನ್ನ ಒಂದು ನಾಲ್ಕು ದಿನ ಕಳಿಸಿಕೊಡು ಮಾರಾಯ."

ಕಳಿಸುತ್ತೇನೆ ಎಂದು ಪ್ರಸಾದ ಎದ್ದು ಪಂಪು ಚಾಲೂ ಮಾಡಿದ. ಮೇಲ್ಗಡೆ ತೋಟದಲ್ಲಿ ಜೆಟ್ ತಿರುಗತೊಡಗಿತು, ಮತ್ತು ಮೇ ತಿಂಗಳಲ್ಲಿ ಮಂಗ ಏಣಿ ಹೊತ್ತುಕೊಂಡು ರುದ್ರಪ್ಪನವರ ತೋಟಕ್ಕೆ ಹೋಯಿತು.